ಪ್ರಾಡರ್-ವಿಲ್ಲಿ ಮಕ್ಕಳ ಬೆನ್ನಿನ ಆಪರೇಷನ್

ಮಾನ್ಯರೇ,

ಮಕ್ಕಳ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ) ಎಂದರೆ ರಾಡು, ಸ್ಕ್ರೂ ಹಾಕಿ ಬೆನ್ನು ನೆಟ್ಟಗೆ ಮಾಡಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ 15ನೇ ಕ್ರೋಮೋಸೋಮಿನ ದೋಷದಿಂದ ಹುಟ್ಟಿನಿಂದಲೇ ಬರುವ ಪ್ರಾಡರ್-ವಿಲ್ಲಿ ಸಿಂಡ್ರೋಮ್‌ ಇರುವ ಮಕ್ಕಳ ಬೆನ್ನು ಬಾಗಿದರೆ, ಕಷ್ಟ ಇರುವುದು ಆಪರೇಷನ್ನಿನ ಹಿಂದೆ-ಮುಂದೆ. ಮೈಯ ಕೊಬ್ಬಿನಡಿ ಬಾಗು ಕಾಣದು. ಮಗು ಕೂರಲು ಕಲಿತ ಮೇಲೆ ಎಕ್ಸ್-ರೇ ತೆಗೆಸಲೇಬೇಕು. ಆಪರೇಷನ್ನಿಗೆ ಮೊದಲು ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ ಬೇಕು. ಮೂಳೆ ಮೆದುವಾದ್ದರಿಂದ ಸ್ಕ್ರೂ ಸಡಿಲವಾಗಬಹುದು. ರಾಡನ್ನು ಬೆನ್ನಿನ ನಡುವೆಯೇ ನಿಲ್ಲಿಸಿದರೆ ಮೇಲ್ಭಾಗ ಮುಂದಕ್ಕೆ ಬಾಗಿ ತಲೆ ಜೋತುಬೀಳುವ ಅಪಾಯವುಂಟು.

ಆಮೇಲಿನ ಆರೈಕೆ ಇನ್ನೂ ಸೂಕ್ಷ್ಮ. ಈ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯದು, ಸೋಂಕಾದರೂ ಜ್ವರ ಬಾರದಿರಬಹುದು, ವಾಂತಿ ಅಪರೂಪ. ಹಸಿವಂತೂ ಸದಾ ಇರುತ್ತದೆ. ‘ಮಗು ಊಟ ಕೇಳುತ್ತಿದೆ’ ಎಂದು ಅನ್ನ ಕೊಟ್ಟುಬಿಡಬಾರದು. ಹೊಟ್ಟೆ ಉಬ್ಬಿಲ್ಲ, ಕರುಳು ಕೆಲಸ ಶುರುಮಾಡಿದೆ ಎಂದು ನೋಡಿಕೊಂಡು ಗುಟುಕು ಗುಟುಕಾಗಿ ಆರಂಭಿಸಬೇಕು. ಚರ್ಮ ಕೆರೆದು ಕೀಳುವ ಚಾಳಿ ಬಹಳ ಮಕ್ಕಳಿಗಿದೆ. ಹೊಲಿಗೆ ಬಿಚ್ಚಿ ಸೋಂಕು ರಾಡಿನವರೆಗೆ ಇಳಿದರೆ ಮತ್ತೆ ಥಿಯೇಟರೇ ಗತಿ. ಡ್ರೆಸ್ಸಿಂಗ್ ಕೈಗೆ ಸಿಗದಂತೆ ಮುಚ್ಚಿ, ಗಾಯವನ್ನು ದಿನವೂ ಕಣ್ಣಾರೆ ನೋಡಬೇಕು.

ಇಷ್ಟನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪತ್ರೆಗಳು ಕನ್ನಡದಲ್ಲೇ ಬರೆದುಕೊಡಲಿ.

– ಮಕ್ಕಳ ಮೂಳೆ ಚಿಕಿತ್ಸಾ ವೈದ್ಯರು, ಬೆಂಗಳೂರು