ಜಡೆ ಕಟ್ಟುವಾಗ ಕಿವಿ ನೋಡಿದ ಟೀಚರಿಗೆ

ಮೊನ್ನೆ ಮಗಳ ಶ್ರವಣ ಪರೀಕ್ಷೆಯ ರಿಪೋರ್ಟ್ ಬಂತು. ಎರಡೂ ಕಿವಿ ಒಂದೇ ಸಮ ಕೇಳುತ್ತಿವೆ. ಎಡಗಿವಿಯ ಹಿಂದೆ ಆಪರೇಷನ್ ಆಗಿ ಸರಿಯಾಗಿ ಒಂದು ವರ್ಷ. ಜೊತೆಗಿದ್ದವರಿಗೆ ಆಗಲೇ ಕೈಮುಗಿದಿದ್ದೇನೆ, ಆದರೂ ನಾಲ್ಕು ಜನರೆದುರು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ಅವಳ ಒಂದನೇ ಕ್ಲಾಸಿನ ಟೀಚರಿಗೆ.

ತೀರ್ಥಹಳ್ಳಿಯ ಆಷಾಢದ ಮಳೆ ಗೊತ್ತಲ್ಲ. ಮಗಳಿಗೆ ಶೀತ ಹಿಡಿಯಿತು, ಅದರ ಬೆನ್ನಿಗೇ ಕಿವಿನೋವು. ಡಾಕ್ಟರು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು. ಮೂರು ದಿನಕ್ಕೆ ಜ್ವರ ಬಿಟ್ಟಿತು, ನಾನು ಸಿರಪ್ ಬಿಟ್ಟೆ. ಅರ್ಧ ಬಾಟಲಿ ಕಿಟಕಿಯಲ್ಲೇ ಉಳಿಯಿತು. ವಾರ ಕಳೆದು ಮತ್ತೆ ನೋವೆಂದಾಗ ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ಹನಿ ಬಿಟ್ಟರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಕೀವು ಇದ್ದದ್ದು ಕಿವಿಯ ತಮಟೆಯ ಆಚೆ, ಎಣ್ಣೆ ತಲುಪದ ಜಾಗದಲ್ಲಿ. ಆ ಕಡೆ ತಲೆ ಮುಟ್ಟಗೊಡದೆ ಅಳುತ್ತಿದ್ದವಳನ್ನು ಹಠ ಮಾಡುತ್ತಾಳೆಂದು ಗದರಿಸಿದ್ದೆ. ದಿನಾ ಜಡೆ ಹಾಕುವವಳು ನಾನು. ನನಗೇ ಕಾಣಲಿಲ್ಲ.

ಶಾಲೆಯಲ್ಲಿ ಬಿಚ್ಚಿಹೋದ ಜಡೆ ಕಟ್ಟಲು ಕೂರಿಸಿಕೊಂಡ ಟೀಚರಿಗೆ ಕಂಡಿತು. ಕೂಡಲೇ ಫೋನ್ ಮಾಡಿದರು. "ಅಕ್ಕಾ, ಇವಳ ಎಡಗಿವಿ ಮುಂದಕ್ಕೆ ತಳ್ಳಿದ ಹಾಗಿದೆ. ಹಿಂದೆ ಕೆಂಪಗೆ ಊದಿದೆ, ಮುಟ್ಟಿದರೆ ಕಿರುಚ್ತಾಳೆ. ನಾಳೆಗೆ ಇಡಬೇಡಿ."

ಪಕ್ಕದ ಮನೆಯ ಅಣ್ಣ ಶಿವಮೊಗ್ಗದವರೆಗೆ ಆ ಮಳೆಯಲ್ಲಿ ಓಮ್ನಿ ಓಡಿಸಿದರು, ಬಾಡಿಗೆ ಮುಟ್ಟಲಿಲ್ಲ.

ಇ.ಎನ್.ಟಿ. ಡಾಕ್ಟರು ಸಿಟಿ ಸ್ಕ್ಯಾನ್ ನೋಡಿ, ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ನನಗೆ ತಿಳಿಯುವ ಹಾಗೆ ಹೇಳಿದರು. ಕಿವಿಯ ಹಿಂದೆ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಹೆಸರು ಮಾಸ್ಟಾಯ್ಡ್. ಒಳಗೆ ಜೇನುಗೂಡಿನಂತೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು. ನಡುಗಿವಿಯ ಸೋಂಕು ಅಲ್ಲಿಗೆ ದಾಟಿ, ಗೂಡಿನ ಗೋಡೆಗಳನ್ನು ತಿಂದು, ಕೀವು ಚರ್ಮದಡಿಗೆ ಬಂದು ನಿಂತಿತ್ತು. ಅದು ಹೊರಗೆ ಬಂದದ್ದೇ ನಮ್ಮ ಪುಣ್ಯ. ಒಳಗಡೆ ತೆಳ್ಳನೆಯ ಮೂಳೆಯ ಆಚೆಗೇ ಮೆದುಳು. ಆ ರಾತ್ರಿಯೇ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಶುರುವಾಯಿತು. ಬೆಳಿಗ್ಗೆ ಕಿವಿಯ ಹಿಂದೆ ಕೊಯ್ದು ಕೀವು ತೆಗೆದು, ಹಾಳಾದ ಮೂಳೆಯನ್ನು ಕೆರೆದು ಸ್ವಚ್ಛ ಮಾಡಿದರು. ತಮಟೆಯಲ್ಲೂ ಸಣ್ಣ ತೂತು ಮಾಡಿ ಒಳಗಿನದನ್ನು ಹರಿಯಬಿಟ್ಟರು. ಕೀವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಬೆಳೆದದ್ದು ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ.

ನನ್ನಜ್ಜಿಗೆ ಒಬ್ಬ ತಮ್ಮನಿದ್ದ. "ಕಿವಿ ಸೋರಿ, ಜ್ವರ ತಲೆಗೇರಿ ಹೋದ" ಎಂದಷ್ಟೇ ಅಜ್ಜಿ ಹೇಳುತ್ತಿದ್ದರು. ಅವನಿಗೆ ಐದು ವರ್ಷವಂತೆ. ಪೆನ್ಸಿಲಿನ್ ಇನ್ನೂ ಬಂದಿರದ ಕಾಲ ಅದು. ಆಪರೇಷನ್ ಥಿಯೇಟರಿನ ಹೊರಗೆ ಕೂತಿದ್ದಾಗ ನೋಡದ ಆ ಮಗುವಿನದೇ ನೆನಪು.

ಮಗಳನ್ನು ವಾರ್ಡಿಗೆ ತಂದ ಮೇಲೆ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಮತ್ತೆ ಮತ್ತೆ ಬಂದು, "ಪುಟ್ಟೀ, ಹಲ್ಲು ತೋರ್ಸು ನೋಡಣ. ಈಗ ಕಣ್ಣು ಗಟ್ಟಿಯಾಗಿ ಮುಚ್ಚು" ಎನ್ನುತ್ತಿದ್ದರು. ಮಗುವಿನ ಜೊತೆ ಆಟ ಆಡುತ್ತಿದ್ದಾರೆ ಎಂದುಕೊಂಡು ನಾನೂ ನಗುತ್ತಿದ್ದೆ. ಮುಖವನ್ನು ಆಡಿಸುವ ನರ ಇದೇ ಮೂಳೆಯೊಳಗೆ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆಗೆ ಎಳೆಯುತ್ತದೆ, ಕಣ್ಣು ಮುಚ್ಚುವುದಿಲ್ಲ ಎಂದು ತಿಳಿದದ್ದು ಮನೆಗೆ ಹೊರಡುವ ದಿನ. ನನ್ನನ್ನು ಹೆದರಿಸದೆ ಅಷ್ಟು ದೊಡ್ಡ ಕಾವಲು ಕಾದಿದ್ದರು ಆ ತಾಯಿ. ಔಷಧಿ ಬಿಡಲು ಕೈಗೆ ಚುಚ್ಚಿದ್ದ ಕ್ಯಾನುಲಾದ ಜಾಗ ಊದಿಕೊಂಡಾಗಲೂ ಅಷ್ಟೇ, ಬೇರೆ ಕೈಯಲ್ಲಿ ರಕ್ತನಾಳ ಹುಡುಕುವಷ್ಟು ಹೊತ್ತೂ ಅವಳ ಶಾಲೆಯ ಸುದ್ದಿ ಕೇಳುತ್ತಲೇ ಇದ್ದರು.

ಮನೆಗೆ ಕೊಟ್ಟ ಸಿರಪ್ಪನ್ನು ಈ ಸಲ ಕೊನೆಯ ದಿನದವರೆಗೂ ಹಾಕಿದೆ. ಗಡಿಯಾರ ನೋಡಿ ಕರೆಯುತ್ತಿದ್ದವರು ಅತ್ತೆ. ತಲೆಸ್ನಾನಕ್ಕೆ ಮೊದಲು ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಗೆ ಇಡುತ್ತಿದ್ದವರೂ ಅವರೇ.

ಟೀಚರ್, ನೀವು ಅಂದು ಜಡೆ ಕಟ್ಟಿ ಸುಮ್ಮನೆ ಕಳಿಸಿಬಿಡಬಹುದಿತ್ತು. ಮೂವತ್ತು ಮಕ್ಕಳ ನಡುವೆ ನನ್ನ ಮಗಳ ಕಿವಿ ನೋಡಿದಿರಿ. ನಿಮ್ಮ ಋಣ ನಮ್ಮ ಮನೆಯ ಮೇಲಿದೆ.

ಆ ಸಿಸ್ಟರ್ ಹೆಸರನ್ನು ಕೇಳದೆ ಬಂದುಬಿಟ್ಟೆ. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ: ಪುಟ್ಟಿ ಈಗಲೂ ಕನ್ನಡಿಯ ಮುಂದೆ ನಿಂತು ಹಲ್ಲು ತೋರಿಸುತ್ತಾಳೆ, ಮುಂದಿನ ಎರಡು ಬಿದ್ದಿವೆ.