ಓ-ರಿಂಗ್ ಮೇಲಿನ ಕೂದಲು ತೋರಿಸಿಕೊಟ್ಟವರಿಗೆ

ಹೆಸರನ್ನೂ ಹೇಳದೆ, ನಮ್ಮ ನೀರೊಳಗಿನ ರೋಬೋವನ್ನು ಬಿಚ್ಚಿ ಒಂದೊಂದೇ ಭಾಗ ವಿವರಿಸಿದ ನಿಮಗೆ ಇಡೀ ತಂಡದ ಪರವಾಗಿ ಮನಸಾರೆ ಧನ್ಯವಾದ.

ನೀರು ಮುಚ್ಚಳದಿಂದಲೇ ನುಗ್ಗಬೇಕೆಂದಿಲ್ಲ ಎಂದು ತಿಳಿಸಿದ್ದು ನೀವೇ. ಕೇಬಲ್ ಕವಚ ಎಲ್ಲೋ ಗೀರಿದ್ದರೂ ಸಾಕು, ತಾಮ್ರದ ಎಳೆಗಳ ಸಂದಿನಲ್ಲೇ ನೀರು ಸಾಗಿ ಎಲೆಕ್ಟ್ರಾನಿಕ್ಸ್ ಡಬ್ಬಿ ಸೇರುತ್ತದೆ. ಹೊರಗೆ ಎಷ್ಟು ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿದರೂ ಅದು ನಿಲ್ಲದು. ಪ್ರತಿ ತಂತಿಯ ಕವಚವನ್ನು ಒಂದು ಸೆಂಟಿಮೀಟರ್ ಸುಲಿದು, ಎಳೆಗಳ ನಡುವೆ ಬೆಸುಗೆ ತುಂಬಿಸಿ, ತಂತಿಗಳು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು, ಆ ಬರಿಭಾಗವೇ ಹೂತುಹೋಗುವಂತೆ ಎಪಾಕ್ಸಿ ಎರೆಯಬೇಕು.

ಮುಚ್ಚಳದ ಸಂದಿನಲ್ಲಿ ನೀರು ತಡೆಯುವ ಉಂಗುರವಾದ ಓ-ರಿಂಗ್ ನೈಟ್ರೈಲ್ ರಬ್ಬರಿನದಾದರೆ ಅದಕ್ಕೆ ಸಿಲಿಕೋನ್ ಗ್ರೀಸ್ ಬರೀ ಹೊಳಪು ಕಾಣುವಷ್ಟು ಸಾಕು. ರಿಂಗೇ ಸಿಲಿಕೋನಿನದಾದರೆ ಆ ಗ್ರೀಸಿಗೆ ಉಬ್ಬುತ್ತದೆ. ಟಾರ್ಚ್ ಬೆಳಕಿನಲ್ಲಿ ನೀವು ಚಿಮಟದಿಂದ ಎತ್ತಿದ ಆ ಒಂದೇ ಕೂದಲು, ಸೋರಿಕೆಗೆ ಅಷ್ಟೇ ದಾರಿ ಸಾಕಿತ್ತು! ಈಗ ನೀರಿಗಿಳಿಸುವ ಮುನ್ನ ಪ್ರತಿ ಸಲವೂ ಕೈಪಂಪಿನಿಂದ ಡಬ್ಬಿಯ ಗಾಳಿ ಎಳೆದು, ಒತ್ತಡ ತೋರಿಸುವ ಗೇಜಿನ ಮುಳ್ಳು ಕದಲುತ್ತದೆಯೇ ಎಂದು 15 ನಿಮಿಷ ನೋಡುತ್ತೇವೆ.

ಥ್ರಸ್ಟರ್‌ಗಳೆಲ್ಲ (ರೋಬೋವನ್ನು ನೂಕುವ ಮೋಟಾರ್‌ಗಳು) ಒಟ್ಟಿಗೆ ತಿರುಗಿದಾಗ ಕಂಟ್ರೋಲರ್ ರೀಸೆಟ್ ಆಗುವುದು ಕೋಡಿನ ತಪ್ಪಲ್ಲ ಎಂದು ಲೆಕ್ಕ ಬರೆದು ತೋರಿಸಿದಿರಿ. 15 ಮೀಟರ್ ಕೇಬಲ್ ಎಂದರೆ ಹೋಗಿಬರುವ ದಾರಿ 30 ಮೀಟರ್. 1.5 ಚದರ ಮಿ.ಮೀ. ತಾಮ್ರದಲ್ಲಿ 10 ಆಂಪಿಯರ್ ಹರಿದರೆ 12 ವೋಲ್ಟ್‌ನಲ್ಲಿ ಸುಮಾರು 3.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಉಳಿದದ್ದು ಕಂಟ್ರೋಲರ್‌ಗೆ ಸಾಲದು. 2.5 ಚದರ ಮಿ.ಮೀ. ಹಾಕಿದರೆ ನಷ್ಟ 2.2ಕ್ಕೆ ಇಳಿಯುತ್ತದೆ. ಮೋಟಾರ್‌ಗಳ ವೇಗವನ್ನು ಹಂತಹಂತವಾಗಿ ಏರಿಸಿ ಎಂದಿರಿ, ಅದನ್ನೂ ಸೇರಿಸಿದ್ದೇವೆ.