ಗೇಟಿನ ಹೊರಗೆ ನಾನಿರುತ್ತೇನೆ

ಪುಟ್ಟಿ,

ಫೋನ್ ಮಾಡಿದರೆ ಮತ್ತೆ ಅದೇ ಮಾತಿಗೆ ಬರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಇದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ. ಭಾನುವಾರ ಯಾರು ಏನಂದರು ಅನ್ನುವುದು ಬಿಡು, ಇಬ್ಬರಿಗೂ ನೆನಪಿದೆ. ನನ್ನ ದನಿ ಜೋರಾಗಿದ್ದಕ್ಕೆ ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ಇದನ್ನು ಪೂರ್ತಿ ಓದಿ ಆಮೇಲೆ ಫೋನ್ ಮಾಡು.

ಮೊದಲೇ ಹೇಳಿಬಿಡುತ್ತೇನೆ. ಓದಿಗೆ ಅಮೆರಿಕಕ್ಕೆ ಹೋಗುವ ನಿನ್ನ ವೀಸಾ ಸಂದರ್ಶನಕ್ಕೆ ಚೆನ್ನೈಗೆ ಕಾರು ಬೇಡ. ಆದರೆ ನಾನು ಬರುತ್ತೇನೆ.

ಕಾರು ಬೇಡ ಅನ್ನುವುದು ನೀನು ಹೇಳಿದ ಕಾರಣಕ್ಕಲ್ಲ. ನನಗೆ ವಯಸ್ಸಾಯಿತು, ಅಷ್ಟು ದೂರ ಓಡಿಸೋದು ಕಷ್ಟ ಅಂದೆಯಲ್ಲ, ಅದನ್ನು ನಾನು ಈಗಲೂ ಒಪ್ಪುವುದಿಲ್ಲ. ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರದ ಪಕ್ಕ, ಶ್ರೀಪೆರುಂಬುದೂರು. ವರ್ಷಗಟ್ಟಲೆ ರಾತ್ರಿ ಬಸ್ಸು ಓಡಿಸಿದ ರಸ್ತೆ ಅದು. ಎಲ್ಲಿ ಲಾರಿಗಳು ಸಾಲುಗಟ್ಟುತ್ತವೆ, ಯಾವ ಹೊತ್ತಿಗೆ ನಿದ್ದೆ ಎಳೆಯುತ್ತದೆ, ಎಲ್ಲ ಗೊತ್ತು. ಆದರೆ ನನ್ನ ಬಸ್ಸು ಕೋಯಂಬೇಡು ಬಸ್ ನಿಲ್ದಾಣಕ್ಕೆ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಿನ ಚೆನ್ನೈ ನನಗೆ ಗೊತ್ತಿಲ್ಲದ ಊರು. ನಿನ್ನ ಸಂದರ್ಶನ ಇರುವುದು ಅಮೆರಿಕದ ಕಾನ್ಸುಲೇಟ್ ಕಚೇರಿಯಲ್ಲಿ, ಅಣ್ಣಾ ಸಾಲೈ ರಸ್ತೆಯ ಜೆಮಿನಿ ಸರ್ಕಲ್ ಹತ್ತಿರ. ಫ್ಲೈಓವರ್ ಪಕ್ಕ. ಚೆನ್ನೈನ ಅತಿ ದಟ್ಟಣೆಯ ಜಾಗಗಳಲ್ಲಿ ಅದೂ ಒಂದು.

ಅಲ್ಲಿ ಪಾರ್ಕಿಂಗ್ ಇಲ್ಲ, ಪುಟ್ಟಿ. ಕಾನ್ಸುಲೇಟ್‌ನವರು ಸಂದರ್ಶನಕ್ಕೆ ಬರುವವರಿಗೆ ಗಾಡಿ ನಿಲ್ಲಿಸಲು ಜಾಗ ಕೊಡುವುದಿಲ್ಲ. ಗೋಡೆ ಬದಿ ನಿಲ್ಲಿಸಿದರೆ ಪೊಲೀಸರು ಬಿಡುವುದಿಲ್ಲ. ಇಳಿಸಿ ಮುಂದೆ ಹೋಗುತ್ತಿರಬೇಕು. ನಾನು ಕಾರು ತಂದರೆ ಏನಾಗುತ್ತದೆ ಯೋಚಿಸು. ನಿನ್ನನ್ನು ಗೇಟಿನ ಹತ್ತಿರ ಇಳಿಸುತ್ತೇನೆ. ನೀನು ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತೀಯ. ನಾನು ನಿನ್ನ ಫೋನ್ ಇಟ್ಟುಕೊಂಡು ಜಾಗ ಹುಡುಕುತ್ತಾ ಎಲ್ಲೋ ಸುತ್ತುತ್ತಿರುತ್ತೇನೆ. ನೀನು ಹೊರಗೆ ಬರುತ್ತೀಯ. ಕೈಯಲ್ಲಿ ಫೋನ್ ಇಲ್ಲ. ಅಪ್ಪ ಕಾಣುವುದಿಲ್ಲ. ಕಾರಿನ ಜೊತೆ ಇರುವವನು ಗೇಟಿನ ಹತ್ತಿರ ಇರಲು ಆಗುವುದಿಲ್ಲ. ನನಗೆ ಗೇಟಿನ ಹತ್ತಿರ ಇರಬೇಕು. ಅದಕ್ಕೇ ಕಾರು ಬೇಡ.

ಒಳಗೆ ಫೋನ್ ಬಿಡುವುದಿಲ್ಲ ಅಂತ ನಿನಗೆ ಗೊತ್ತು. ಸ್ಮಾರ್ಟ್ ವಾಚು, ಇಯರ್‌ಫೋನು, ಪೆನ್‌ಡ್ರೈವು, ಪವರ್‌ಬ್ಯಾಂಕು ಯಾವುದೂ ಇಲ್ಲ. ಬ್ಯಾಗೂ ಬೇಡ. ಅವರು ಇಟ್ಟುಕೊಳ್ಳುವುದೂ ಇಲ್ಲ. ಹತ್ತಿರದಲ್ಲಿ ದುಡ್ಡು ತೆಗೆದುಕೊಂಡು ಫೋನ್ ಇಟ್ಟುಕೊಳ್ಳುವವರು ಸಿಗುತ್ತಾರಂತೆ. ನಿನ್ನ ಗೆಳತಿ ಹಾಗೇ ಮಾಡಿದಳು ಅಂದೆ. ನಿನ್ನ ಬ್ಯಾಂಕು, ಟಿಕೆಟ್ಟು, ಕಾಗದಪತ್ರ ಎಲ್ಲ ಆ ಫೋನಿನಲ್ಲೇ ಇದೆ. ಅದನ್ನು ಗುರುತಿಲ್ಲದವರ ಕೈಗೆ ಕೊಡುವುದು ನನಗೆ ಇಷ್ಟವಿಲ್ಲ.

ಇದನ್ನು ಯಾಕೆ ಇಷ್ಟು ಎಳೆಯುತ್ತೇನೆ ಅಂತ ನಿನಗೆ ಅನ್ನಿಸಬಹುದು. ಒಂದು ವಿಷಯ ನಾನು ನಿನಗೆ ಯಾವತ್ತೂ ಹೇಳಿಲ್ಲ.

ಒಂದು ರಾತ್ರಿ ವೆಲ್ಲೂರು ದಾಟಿ ಊಟಕ್ಕೆ ನಿಲ್ಲಿಸಿದ್ದೆ. ಹೋಟೆಲ್ ಮುಂದಿನ ಲೈಟಿನ ಕೆಳಗೆ ಒಂದು ಹುಡುಗಿ ನಿಂತಿದ್ದಳು. ನಿನ್ನ ಈಗಿನ ವಯಸ್ಸು ಇರಬಹುದು. ಕೈಯಲ್ಲಿ ಖಾಲಿ ಟೀ ಕಪ್ಪು. ಅವಳ ಬಸ್ಸು ಅವಳನ್ನು ಬಿಟ್ಟು ಹೋಗಿತ್ತು. ಬೇರೆ ಯಾರದೋ ಬಸ್ಸು. ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಹೊರಟುಬಿಟ್ಟಿದ್ದರು. ಬ್ಯಾಗು, ಪರ್ಸು, ಫೋನು ಎಲ್ಲ ಸೀಟಿನ ಮೇಲೆ. ನಾನು ನನ್ನ ಫೋನ್ ಕೊಟ್ಟೆ. ಮನೆಗೆ ಮಾಡಮ್ಮ ಅಂದೆ. ಅವಳು ಫೋನ್ ಹಿಡಿದುಕೊಂಡು ಸುಮ್ಮನೆ ನಿಂತಳು. ಒಂದು ನಂಬರೂ ಅವಳಿಗೆ ನೆನಪಿರಲಿಲ್ಲ. ಅಪ್ಪನದೂ ಇಲ್ಲ, ಅಮ್ಮನದೂ ಇಲ್ಲ. ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್ ಒಂದು ಬರುತ್ತಿತ್ತು. ಅದನ್ನು ಯಾವಾಗಲೋ ತೆಗೆಸಿದ್ದರಂತೆ. ಆದರೂ ಅದಕ್ಕೇ ಮಾಡಿದಳು. ಮತ್ತೆ ಮತ್ತೆ ಅದಕ್ಕೇ ಮಾಡಿದಳು.

ನಮ್ಮ ಬಸ್ಸಿನಲ್ಲೇ ಮುಂದೆ ಕೂರಿಸಿಕೊಂಡು ಬಂದೆವು. ಕಂಡಕ್ಟರು ಅವಳ ಬಸ್ಸಿನವರನ್ನು ಹುಡುಕಲು ಯಾರ್‍ಯಾರಿಗೋ ಫೋನ್ ಮಾಡಿದರು. ಬೆಳಗಿನ ಜಾವ ಕೋಯಂಬೇಡಿನಲ್ಲಿ ಅವಳ ಬ್ಯಾಗು ಸಿಕ್ಕಿತು. ಫೋನೂ ಸಿಕ್ಕಿತು. ಏನೂ ಕಳೆದಿರಲಿಲ್ಲ. ಎಲ್ಲ ಸರಿಯಾಯಿತು. ಆದರೆ ದಾರಿಯುದ್ದಕ್ಕೂ ಅವಳು ಆ ಕಪ್ಪನ್ನು ಬಿಟ್ಟಿರಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿತ್ತು. ಆಗ ನೀನು ಹೈಸ್ಕೂಲಿನಲ್ಲಿದ್ದೆ. ಅವತ್ತು ಡ್ಯೂಟಿ ಮುಗಿಸಿ ಮನೆಗೆ ಬಂದು ನಿನಗೆ ನನ್ನ ನಂಬರ್ ಹೇಳು ಅಂದಿದ್ದೆ. ನೀನು ನಿದ್ದೆಗಣ್ಣಲ್ಲೇ ಗಡಗಡ ಹೇಳಿದೆ. ಈಗ ಬರುತ್ತದಾ? ಆಗಿನ ನಂಬರ್ ಬೇರೆ, ಈಗಿನದು ಬೇರೆ. ಫೋನ್ ನೋಡದೆ ಹೇಳಿ ನೋಡು. ಅಮ್ಮನದೂ ಹೇಳಿ ನೋಡು.

ಬರುವುದಿಲ್ಲ ಅಲ್ವಾ? ಕಲಿ. ಒಂದು ಚೀಟಿಯಲ್ಲಿ ಇಬ್ಬರದೂ ಬರೆದು ಫೈಲಿನಲ್ಲಿ ಇಟ್ಟುಕೋ. ಕಾಗದ ಒಯ್ಯಲು ಬಿಡುತ್ತಾರೆ. ಚೀಟಿ ಇದ್ದರೂ ಬಾಯಿಗೆ ಬರಲಿ. ನಾಳೆ ಅಮೆರಿಕದಲ್ಲಿ ಯಾವುದೋ ಏರ್‌ಪೋರ್ಟಿನಲ್ಲಿ ಫೋನ್ ಚಾರ್ಜ್ ಮುಗಿದರೂ ಅಷ್ಟೇ. ಬೇರೆಯವರ ಫೋನ್ ಕೇಳಬಹುದು, ನಂಬರ್ ನೀನೇ ಹೇಳಬೇಕು. ದೇಶದ ಕೋಡ್ 91 ಸೇರಿಸಿ ಕಲಿ.

ಮತ್ತೆ ಅಲ್ಲಿಗೇ ಬಂದೆ. ಇರಲಿ.

ರೈಲಿನ ವಿಷಯ. ವೀಸಾಕ್ಕೆ ಬೆರಳಚ್ಚು ಕೊಡುವ ಜಾಗ ಬೇರೆ, ಸಂದರ್ಶನದ ಜಾಗ ಬೇರೆ, ದಿನವೂ ಬೇರೆ. ಎರಡೂ ವಿಳಾಸ ನಿನ್ನ ಅಪಾಯಿಂಟ್‌ಮೆಂಟ್ ಪತ್ರದಲ್ಲಿವೆ. ಆಟೋದವನಿಗೆ ಬರೀ ಅಮೆರಿಕ ವೀಸಾ ಅಂದರೆ ಕಾನ್ಸುಲೇಟಿಗೇ ಕರೆದುಕೊಂಡು ಹೋಗಿಬಿಡಬಹುದು. ಮೊದಲ ದಿನ ವಿಳಾಸ ತೋರಿಸು. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟುತ್ತದೆ. ಆದರೆ ರೈಲು ತಡವಾದರೆ ಅವತ್ತಿನ ಬೆರಳಚ್ಚಿನ ಹೊತ್ತು ತಪ್ಪುತ್ತದೆ. ನನಗೆ ಆ ಆತಂಕ ಬೇಡ. ಹಿಂದಿನ ದಿನ ಹಗಲಲ್ಲೇ ಹೊರಡೋಣ. ವಂದೇ ಭಾರತ್ ಆದರೆ ಕೂತುಕೊಂಡು ಹೋಗಬಹುದು. ನಾನು ಮೈಸೂರಿನಲ್ಲಿ ಹತ್ತುತ್ತೇನೆ, ನೀನು ಬೆಂಗಳೂರಿನಲ್ಲಿ ಹತ್ತು. ಅದು ವಾರಕ್ಕೊಂದು ದಿನ ಓಡುವುದಿಲ್ಲ, ಬುಕ್ ಮಾಡುವ ಮೊದಲು ನೋಡಿಕೋ.

ಸೆಂಟ್ರಲ್‌ನಲ್ಲಿ ಇಳಿದರೆ ಅಲ್ಲೇ ಮೆಟ್ರೋ. ವಿಮಾನ ನಿಲ್ದಾಣದ ಕಡೆ ಹೋಗುವ ನೀಲಿ ಮಾರ್ಗ ಹಿಡಿಯಬೇಕು. ಗವರ್ನ್‌ಮೆಂಟ್ ಎಸ್ಟೇಟ್, ಎಲ್‌ಐಸಿ ಆದ ಮೇಲೆ ಥೌಸಂಡ್ ಲೈಟ್ಸ್. ಅಲ್ಲಿ ಇಳಿದರೆ ಕಾನ್ಸುಲೇಟಿಗೆ ನಡೆದೇ ಹೋಗಬಹುದು. ಮೇಲೆ ಟ್ರಾಫಿಕ್ ಎಷ್ಟಾದರೂ ಇರಲಿ, ಮೆಟ್ರೋ ನೆಲದ ಕೆಳಗೆ ಓಡುತ್ತದೆ. ಡ್ರೈವರ್ ಆಗಿ ಹೇಳುತ್ತೇನೆ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂದರೆ ಅಣ್ಣಾ ಸಾಲೈ ಮೇಲೆ ಯಾವ ಗಾಡಿಯನ್ನೂ ನಂಬಬಾರದು. ಎರಡು ರಾತ್ರಿ ಆ ಭಾಗದಲ್ಲೇ ರೂಮು ಮಾಡು. ಸಂದರ್ಶನದ ಹಿಂದಿನ ಸಂಜೆ ಒಮ್ಮೆ ಗೇಟಿನ ತನಕ ನಡೆದು ನೋಡಿಕೊಂಡು ಬರೋಣ. ಹಿಂದಿನ ದಿನ ನಡೆದ ದಾರಿ ಮಾರನೇ ದಿನ ಚಿಕ್ಕದಾಗುತ್ತದೆ.

ನಿನ್ನ ಇನ್ನೊಬ್ಬ ಗೆಳತಿ ತನ್ನ ಅಣ್ಣನ ಕಾರಿನಲ್ಲೇ ಹೋಗುವುದಾದರೆ ಅವಳಿಗೂ ಹೇಳು. ರೂಮು ಬುಕ್ ಮಾಡುವಾಗಲೇ ಪಾರ್ಕಿಂಗ್ ಇದೆಯಾ ಅಂತ ಫೋನ್ ಮಾಡಿ ಕೇಳಬೇಕು. ಕಾರು ಹೋಟೆಲಿನಲ್ಲೇ ಬಿಟ್ಟು ಮೆಟ್ರೋದಲ್ಲಿ ಹೋಗಬೇಕು. ಇಲ್ಲದಿದ್ದರೆ ಕೋಯಂಬೇಡು ಮೆಟ್ರೋ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸುವ ಜಾಗ ಇದೆ. ನಮ್ಮ ಕಡೆಯಿಂದ ಹೋಗುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಜೆಮಿನಿ ತನಕ ಕಾರು ತರುವುದು ಮಾತ್ರ ಬೇಡ.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು ಅಂತ ಟೀವಿಯಲ್ಲಿ ನೋಡಿದಾಗ ಎಷ್ಟು ಖುಷಿಪಟ್ಟಿದ್ದೆ. ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ನಿನ್ನದು ಚೆನ್ನೈಗೇ ಬಂತು. ಆಗಲಿ. ನಾನು ಜನರನ್ನು ಕರೆದುಕೊಂಡು ಹೋಗುತ್ತಿದ್ದ ಊರಿಗೆ ನನ್ನ ಮಗಳ ಜೊತೆ ಹೋಗುತ್ತೇನೆ ಅಂತ ನನಗೆ ಹೆಮ್ಮೆ ಇದೆ. ಡಿಪೋದ ಹಳೇ ಸ್ನೇಹಿತರಿಗೆಲ್ಲ ಹೇಳಿದ್ದೇನೆ. ವೀಸಾ ಸಿಗುವ ಮುಂಚೆ ಯಾಕೆ ಹೇಳಿದಿರಿ ಅಂತ ಅಮ್ಮ ಬೈದಳು. ಸಿಕ್ಕರೂ ಸಿಗದಿದ್ದರೂ ಆ ಯೂನಿವರ್ಸಿಟಿ ನಿನ್ನನ್ನು ಬಾ ಅಂದಿದೆಯಲ್ಲ, ಅದು ನಿಜ ತಾನೇ?

ನಾನು ಎಲ್ಲಿ ನಿಂತಿರುತ್ತೇನೆ ಅಂತ ಈಗಲೇ ಗೊತ್ತು ಮಾಡಿಕೊಳ್ಳೋಣ. ಕಾನ್ಸುಲೇಟಿನ ಎದುರು ಕೆಥೆಡ್ರಲ್ ರೋಡಿನಲ್ಲಿ ಸೆಮ್ಮೊಳಿ ಪೂಂಗಾ ಅಂತ ಒಂದು ಉದ್ಯಾನ ಇದೆ. ಅಲ್ಲಿ ಹಿಂದೆ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಇತ್ತು. ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ್ದು. ಕಾರು ನಿಲ್ಲಿಸಿ ಕಾರಿನಲ್ಲೇ ಕೂತು ದೋಸೆ ತಿನ್ನುತ್ತಿದ್ದರು ಅಂತ ನಮ್ಮ ಹಿರಿಯ ಡ್ರೈವರ್‌ಗಳು ಹೇಳುತ್ತಿದ್ದರು. 2008ರಲ್ಲಿ ಮುಚ್ಚಿತು, 2010ರಲ್ಲಿ ಉದ್ಯಾನವಾಯಿತು. ಆ ಉದ್ಯಾನದ ಮುಖ್ಯ ಗೇಟು ನಮ್ಮ ಜಾಗ. ನೀನು ಒಳಗೆ ಹೋಗುವ ತನಕ ಕಾನ್ಸುಲೇಟ್ ಗೇಟಿನ ಹತ್ತಿರವೇ ಇರುತ್ತೇನೆ. ಅಲ್ಲಿ ನಿಲ್ಲಬೇಡಿ ಅಂತ ಪೊಲೀಸರು ಕಳಿಸಿದರೆ ಇಲ್ಲಿಗೆ ಬರುತ್ತೇನೆ. ಈ ಎರಡು ಜಾಗ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಕಾಫಿಗೂ ಹೋಗುವುದಿಲ್ಲ. ನೀನೂ ಹುಡುಕಿಕೊಂಡು ಬೇರೆ ಕಡೆ ಹೋಗಬೇಡ. ನಾನು ಕಾಣದಿದ್ದರೆ ಪೂಂಗಾ ಗೇಟಿಗೆ ಬಂದು ನಿಲ್ಲು, ಅಷ್ಟೇ.

ಇನ್ನು ಕಾಗದಗಳು. ಇದನ್ನೆಲ್ಲ ನೀನು ನನಗಿಂತ ಚೆನ್ನಾಗಿ ತಿಳಿದಿದ್ದೀಯ, ಆದರೂ ಬರೆಯುತ್ತೇನೆ. ಪಾಸ್‌ಪೋರ್ಟ್, ವೀಸಾ ಅರ್ಜಿಯ ಡಿಎಸ್-160 ದೃಢೀಕರಣದ ಹಾಳೆ, ಅಪಾಯಿಂಟ್‌ಮೆಂಟ್ ಪತ್ರ, ಫೋಟೋ, ಯೂನಿವರ್ಸಿಟಿ ಕೊಟ್ಟ ಐ-20 ಪತ್ರ, ವಿದ್ಯಾರ್ಥಿಗಳ ದಾಖಲೆಗೆ ಅಮೆರಿಕ ಸರ್ಕಾರ ತೆಗೆದುಕೊಳ್ಳುವ ಸೇವಿಸ್ ಫೀ ಕಟ್ಟಿದ ರಸೀದಿ. ಐ-20 ಮೇಲೆ ನಿನ್ನ ಸಹಿ ಇದೆಯಾ ನೋಡು. ಡಿಎಸ್-160 ನಂಬರ್ ಅಪಾಯಿಂಟ್‌ಮೆಂಟ್‌ನಲ್ಲಿರುವ ನಂಬರಿಗೆ ತಾಳೆ ಆಗಬೇಕು. ಫಾರ್ಮ್ ತಿದ್ದಿ ಹೊಸದು ತುಂಬಿದ್ದೆ ಅಂದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಸಾಲದ ಪತ್ರ ಬ್ಯಾಂಕಿನಿಂದ ತಂದು ಇಟ್ಟಿದ್ದೇನೆ, ಬರುವಾಗ ತರುತ್ತೇನೆ.

ಆಧಾರ್ ಕಾರ್ಡು ಮರೆಯಬೇಡ. ವೀಸಾ ಕೊಡುವುದಾದರೆ ಪಾಸ್‌ಪೋರ್ಟ್ ಅವರೇ ಇಟ್ಟುಕೊಳ್ಳುತ್ತಾರೆ. ವಾಪಸ್ ಬರುವ ರೈಲಿನಲ್ಲಿ ಗುರುತಿನ ಚೀಟಿ ಕೇಳಿದರೆ ತೋರಿಸಲು ಏನಾದರೂ ಬೇಕಲ್ಲ.

ಒಳಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಕೆಲವೇ ನಿಮಿಷದಲ್ಲಿ ಮುಗಿಯುತ್ತದಂತೆ. ಗಟ್ಟು ಹೊಡೆದು ಹೋಗಬೇಡ. ಓದಿಗೆ ಬರುವವರೆಲ್ಲ ಅಲ್ಲೇ ಉಳಿದುಬಿಡುತ್ತಾರೆ ಅಂತ ಅಂದುಕೊಂಡೇ ಶುರು ಮಾಡಬೇಕು ಅಂತ ಅವರ ಕಾನೂನಿನಲ್ಲೇ ಇದೆ. ಅದೇ ನೀನು ಹೇಳಿದ 214(ಬಿ). ಅದು ನಿನ್ನ ಮೇಲಿನ ಅನುಮಾನ ಅಲ್ಲ, ಎಲ್ಲರಿಗೂ ಅದೇ. ನಿನ್ನ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರೆ ಬಸ್ ಡ್ರೈವರ್ ಆಗಿದ್ದರು, ಈಗ ರಿಟೈರ್ ಆಗಿದ್ದಾರೆ ಅಂತ ನೇರವಾಗಿ ಹೇಳು. ಸಾರಿಗೆ ಇಲಾಖೆ ಗೀಲಾಖೆ ಅಂತ ದೊಡ್ಡದು ಮಾಡಬೇಡ. ದುಡ್ಡು ಎಲ್ಲಿಂದ ಅಂತ ಕೇಳಿದರೆ ಸಾಲ ಇಷ್ಟು, ಉಳಿತಾಯ ಇಷ್ಟು ಅಂತ ಹೇಳು. ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ.

ಚೀಟಿ ಕೊಟ್ಟು ಇನ್ನಷ್ಟು ಕಾಗದ ಕೇಳಿದರೆ ಅಲ್ಲೇ ಅಳಬೇಡ. ಅದು ಕೊನೆಯ ತಿರಸ್ಕಾರ ಅಲ್ಲ. ಹೊರಗೆ ಬಾ, ಇಬ್ಬರೂ ಕೂತು ಓದೋಣ. ತಿರಸ್ಕಾರವೇ ಆದರೂ ಮತ್ತೆ ಅರ್ಜಿ ಹಾಕಬಹುದು. ಹೊರಗೆ ಬರುವಾಗ ಮುಖ ಹೇಗಿರಬೇಕು ಅಂತ ನನಗಾಗಿ ಯೋಚನೆ ಮಾಡಬೇಡ.

ಒಬ್ಬಳೇ ಹೋಗಬಲ್ಲೆ ಅಂದೆ. ಹೋಗಬಲ್ಲೆ, ನನಗೆ ಗೊತ್ತು. ಆಗಸ್ಟಿನಿಂದ ಎಲ್ಲ ಒಬ್ಬಳೇ ಮಾಡುತ್ತೀಯ. ನಾನು ಬಂದು ನಿಲ್ಲಲು ಆಗುವ ಗೇಟು ಇದೊಂದೇ. ಇದಕ್ಕೆ ಬೇಡ ಅನ್ನಬೇಡ.

ಟಿಕೆಟ್ ಇವತ್ತೇ ನೋಡು, ಜೂನ್‌ನಲ್ಲಿ ಬೇಗ ತುಂಬುತ್ತದೆ. ನನ್ನದು ಮೈಸೂರಿನಿಂದ ಹಾಕು. ಇಬ್ಬರದೂ ಒಂದೇ ಕೋಚ್ ಸಿಗುತ್ತದಾ ನೋಡಿ ಹೇಳು. ಸಿಗದಿದ್ದರೆ ಬೇರೆ ರೈಲು ನೋಡೋಣ. ಫೋನ್ ಮಾಡಿದಾಗ ಮೊದಲು ನನ್ನ ನಂಬರ್ ನೋಡದೆ ಹೇಳಬೇಕು, ಆಮೇಲೆ ಮಿಕ್ಕ ಮಾತು.

ಅಪ್ಪ